ಆಕರವೆಲ್ಲಿ? ಉಲ್ಲೇಖದಿಂದ ಉಳಿದುಬಂದ ಕನ್ನಡ



ಕಳೆದ ಚಳಿಗಾಲದಲ್ಲಿ ನನ್ನ ಮಗಳು ಶಾಲೆಗಾಗಿ ಒಂದು ದೀರ್ಘ ಪ್ರಬಂಧವನ್ನು ಬರೆಯಬೇಕಾಗಿತ್ತು. ಹನ್ನೊಂದನೆಯ ತರಗತಿಯಲ್ಲಿ ಇಲ್ಲಿನ ಮಕ್ಕಳು ಇಂಥ ಪ್ರಬಂಧಗಳನ್ನು ಬರೆಯುವ ಸಂಗತಿ ಜರ್ಮನಿಯಲ್ಲಿ ಸಂಸಾರ ಹೂಡಿರುವ ನಮ್ಮೆಲ್ಲರಿಗೂ ತಿಳಿದದ್ದೇ. ವಿಷಯದ ಆಯ್ಕೆ ಅವಳದು: ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ವಚನಕಾರ್ತಿಯರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಕ್ಕಮಹಾದೇವಿಯ ವಚನವೊಂದನ್ನು ನಾನೇ ಅವಳಿಗೆ ಒದಗಿಸಿ, ಅರ್ಥ ಹೇಳಿ, ಜರ್ಮನ್ ಭಾಷೆಗೆ ತರಲು ನೆರವಾದೆ. ಕರಡನ್ನು ನೋಡಿದ ಅಧ್ಯಾಪಕಿ ಆ ವಚನದ ಪಕ್ಕದಲ್ಲಿ ಒಂದೇ ಒಂದು ಪದವನ್ನು ಬರೆದು ಹಿಂದಿರುಗಿಸಿದ್ದರು: ‘ಕ್ವೆಲೆ?’

ಕ್ವೆಲೆ ಎಂದರೆ ಜರ್ಮನ್ ಭಾಷೆಯಲ್ಲಿ ನೀರಿನ ಊಟೆ. ಬರೆಹದ ಮೂಲಕ್ಕೂ ಅದೇ ಪದ. ನಮ್ಮಲ್ಲಿ ಇದಕ್ಕೆ ‘ಆಕರ’ ಎನ್ನುತ್ತೇವೆ. ಆಕರವೆಂದರೆ ಗಣಿ. ಅವರು ನೀರು ಎಲ್ಲಿಂದ ಬಂತೆಂದು ಕೇಳಿದರೆ ನಾವು ಚಿನ್ನ ಎಲ್ಲಿಂದ ಬಂತೆಂದು ಕೇಳುತ್ತೇವೆ. ಪ್ರಶ್ನೆ ಒಂದೇ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವಚನ ನನ್ನ ದೂರವಾಣಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು, ಸೊಗಸಾದ ಚಿತ್ರದೊಡನೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಯಲ್ಲಿ ಸಮಗ್ರ ವಚನ ಸಂಪುಟಗಳಿವೆಯೆಂದು ತಿಳಿದು ಅಲ್ಲಿಗೆ ಹೋಗಿ, ಶಿವಶರಣೆಯರ ವಚನಗಳಿರುವ ಐದನೆಯ ಸಂಪುಟವನ್ನು ತಂದೆ ಮಗಳು ಇಬ್ಬರೂ ಕೂಡಿ ಹುಡುಕಿದೆವು. ಆ ಸಾಲುಗಳು ಅಲ್ಲಿ ಇರಲಿಲ್ಲ. ಮತ್ತೆ ಮತ್ತೆ ಓದಿದಾಗ ಭಾಷೆಯೂ ತೀರ ಇತ್ತೀಚಿನದೆಂದು ತೋರಿತು. ಯಾರೋ ಬರೆದ ಸಾಲುಗಳ ಕೊನೆಗೆ ಚೆನ್ನಮಲ್ಲಿಕಾರ್ಜುನನ ಅಂಕಿತವನ್ನು ಅಂಟಿಸಿದ್ದರು. ನನಗೆ ಇನ್ನೂ ಹೆಚ್ಚಿನ ನಾಚಿಕೆಯಾದದ್ದು ಬೇರೊಂದು ಕಾರಣಕ್ಕೆ. ಹಿಂದಿನ ವರ್ಷದ ರಾಜ್ಯೋತ್ಸವದ ಕರಪತ್ರದಲ್ಲಿ ಅವೇ ಸಾಲುಗಳನ್ನು ಅಕ್ಕನ ಹೆಸರಿನಲ್ಲಿ ಅಚ್ಚು ಮಾಡಿಸಿ ನಿಮ್ಮೆಲ್ಲರ ಕೈಗೂ ಕೊಟ್ಟವನು ನಾನೇ.

ಉಲ್ಲೇಖದ ಶಿಸ್ತು ಪಶ್ಚಿಮದ ವಿಶ್ವವಿದ್ಯಾಲಯಗಳ ಕಟ್ಟಳೆ, ನಮ್ಮದು ಬಾಯಿಂದ ಬಾಯಿಗೆ ಹರಿದು ಬಂದ ಸಾಹಿತ್ಯ, ಇಲ್ಲಿ ಮೂಲವನ್ನು ಕೇಳುವ ವಾಡಿಕೆಯಿರಲಿಲ್ಲ ಎಂಬ ಸಮಾಧಾನವನ್ನು ನಾನೂ ಹೇಳಿಕೊಂಡು ನೋಡಿದೆ. ಆದರೆ ನಮ್ಮ ಸಾಹಿತ್ಯದ ಚರಿತ್ರೆ ಆ ಸಮಾಧಾನವನ್ನು ಒಪ್ಪುವುದಿಲ್ಲ. ಕನ್ನಡದ ಹಳೆಯ ಕಾವ್ಯಗಳಲ್ಲಿ ಒಂದು ಪಾಲು ಇಂದು ನಮಗೆ ಗೊತ್ತಿರುವುದೇ ಯಾರೋ ಒಬ್ಬರು ಅವನ್ನು ಉಲ್ಲೇಖಿಸಿದ್ದರಿಂದ. ಆ ಕಥೆಯನ್ನು ಸಂಕ್ಷೇಪವಾಗಿ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಹೆಸರು ಮಾತ್ರ ಉಳಿದವರು

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ ರಚಿತವಾದುದು. ಕಾವ್ಯ ಹೇಗಿರಬೇಕೆಂದು ತಿಳಿಸುವ ಈ ಗ್ರಂಥ ತನಗಿಂತ ಹಿಂದಿನವರನ್ನು ಹೆಸರಿಸಿ ನೆನೆಯುತ್ತದೆ. ಗದ್ಯದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರು ಬರೆದ ಕನ್ನಡ ಕೃತಿಗಳು ನಮ್ಮ ಕೈಗೆ ಬಂದಿಲ್ಲ. ಓಲೆಗರಿಗಳನ್ನು ಗೆದ್ದಲು ತಿಂದಿತೋ, ಪ್ರತಿ ಮಾಡುವವರು ಇಲ್ಲದೆ ಹೋದರೋ! ಆದರೂ ಒಂಬತ್ತನೆಯ ಶತಮಾನಕ್ಕೆ ಮೊದಲೇ ಕನ್ನಡದಲ್ಲಿ ಗದ್ಯಪದ್ಯಗಳ ದೊಡ್ಡ ಪರಂಪರೆಯೊಂದು ಇತ್ತೆಂದು ನಾವು ಧೈರ್ಯವಾಗಿ ಹೇಳುವುದು ಈ ಹತ್ತು ಹೆಸರುಗಳ ಬಲದಿಂದ. ಒಂದು ಕೃತಜ್ಞತೆಯ ಮಾತು ಭಾಷೆಯ ವಯಸ್ಸಿಗೆ ಸಾಕ್ಷಿಯಾಯಿತು.

ಇದೇ ಗ್ರಂಥ ಕರ್ತೃತ್ವದ ತೊಡಕನ್ನೂ ನಮಗೆ ಕಾಣಿಸುತ್ತದೆ. 1898ರಲ್ಲಿ ಕೆ.ಬಿ. ಪಾಠಕರು ಇದನ್ನು ಅಚ್ಚಿಗೆ ತಂದಾಗ ನೃಪತುಂಗನೇ ಕರ್ತೃವೆಂದು ತಿಳಿಯಲಾಗಿತ್ತು. ಮುಂದಿನ ವಿದ್ವಾಂಸರು ಗ್ರಂಥದೊಳಗಿನ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಿದರು. ದೊರೆ ಒಪ್ಪಿಗೆ ಕೊಟ್ಟವನು, ಬರೆದವನು ಅವನ ಸಭೆಯ ಶ್ರೀವಿಜಯ ಎಂಬ ನಿಲುವಿಗೆ ಇಂದು ಹೆಚ್ಚಿನ ಮನ್ನಣೆಯಿದೆ. ಯಾರ ಮಾತು, ಯಾರ ಒಪ್ಪಿಗೆ ಎಂಬ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಇದು ಸಾಕು.

ಮೂಲವನ್ನು ಇಟ್ಟು ಅರ್ಥ ಹೇಳುವ ಕ್ರಮ

ಹತ್ತನೆಯ ಶತಮಾನದ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ ಕನ್ನಡದ ಗದ್ಯಕೃತಿಗಳಲ್ಲಿ ಅಗ್ರಗಣ್ಯವಾದುದು. ಅದರಲ್ಲಿ 19 ಕಥೆಗಳಿವೆ. ಪ್ರತಿಯೊಂದು ಕಥೆಯ ನೆತ್ತಿಯ ಮೇಲೂ ಒಂದು ಪ್ರಾಕೃತ ಗಾಹೆ, ಅದರ ಹಿಂದೆಯೇ ಕನ್ನಡದಲ್ಲಿ ಅದರ ಅರ್ಥ, ಆಮೇಲೆ ಕಥೆಯ ವಿಸ್ತಾರ. ಇನ್ನೊಬ್ಬರ ಮಾತನ್ನು ಮೊದಲು ಇದ್ದಂತೆಯೇ ಇಡುವುದು, ಓದುಗನ ಭಾಷೆಯಲ್ಲಿ ಅದನ್ನು ಬಿಡಿಸುವುದು, ಬಳಿಕ ತಾನು ಹೇಳಬೇಕಾದುದನ್ನು ಬೆಳೆಸುವುದು: ಇಂದು ಇಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುವ ಕ್ರಮವೂ ಇದೇ ಅಲ್ಲವೇ? ಸಾವಿರ ವರ್ಷಗಳ ಹಿಂದೆ ಕನ್ನಡದ ಲೇಖಕನೊಬ್ಬ ಅದನ್ನು ನಿಷ್ಠೆಯಿಂದ ಪಾಲಿಸಿದ್ದ.

ಓಲೆಗರಿಯಲ್ಲಿ ಉದ್ಧರಣ ಚಿಹ್ನೆಗಳಿರಲಿಲ್ಲ. ಪದಗಳ ನಡುವೆ ತೆರಪು ಕೂಡ ಇರಲಿಲ್ಲ. ಆದರೆ ನಮ್ಮ ವ್ಯಾಕರಣದೊಳಗೇ ಅದಕ್ಕೊಂದು ವ್ಯವಸ್ಥೆಯಿದೆ. ‘ಎಂದು’ ಎಂಬ ಪದ ಬಂದೊಡನೆ ಅದುವರೆಗಿನದು ಇನ್ನೊಬ್ಬರ ಮಾತೆಂದು ಕೇಳುಗನಿಗೆ ತಿಳಿಯುತ್ತದೆ. ಜರ್ಮನರು ಉದ್ಧರಣೆಯನ್ನು ಸಾಲಿನ ಬುಡದಲ್ಲಿ ತೆರೆದು ನೆತ್ತಿಯಲ್ಲಿ ಮುಚ್ಚಿದರೆ, ನಾವು ಮಾತು ಮುಗಿದ ಮೇಲೆ ‘ಎಂದು’ ಹಾಕಿ ಬಾಗಿಲು ಮುಚ್ಚುತ್ತೇವೆ. ಇನ್ನೂ ಒಂದು ಪದವಿದೆ: ‘ಅಂತೆ’. ಹೇಳಿದವರು ಯಾರೆಂದು ಖಚಿತವಿಲ್ಲದ, ಕಿವಿಗೆ ಬಿದ್ದ ಸುದ್ದಿಗೆ ನಾವು ಹಚ್ಚುವ ಗುರುತು ಅದು. ನಂಬಲರ್ಹವಲ್ಲದ ಮಾತುಗಳಿಗೆ ‘ಅಂತೆಕಂತೆ’ ಎಂಬ ಹೆಸರೂ ಉಂಟು. ‘ಎಂದು’ ಮತ್ತು ‘ಅಂತೆ’ಗಳ ನಡುವಣ ಅಂತರವನ್ನು ಬಲ್ಲ ಯಾವ ಕನ್ನಡ ಮಗುವಿಗೂ ಉಲ್ಲೇಖದ ನೀತಿ ಹೊಸದಲ್ಲ.

ತಂದೆಯ ಸಂಕಲನ, ಮಗನ ವ್ಯಾಕರಣ

ಈ ಕಥೆಯ ಹೃದಯಭಾಗ ಹದಿಮೂರನೆಯ ಶತಮಾನದ ಒಂದು ಕುಟುಂಬದಲ್ಲಿದೆ. ಹೊಯ್ಸಳ ಸೋಮೇಶ್ವರನ ಆಳ್ವಿಕೆಯಲ್ಲಿದ್ದ ಮಲ್ಲಿಕಾರ್ಜುನ ಸುಮಾರು 1245ರಲ್ಲಿ ‘ಸೂಕ್ತಿಸುಧಾರ್ಣವ’ ಎಂಬ ಸಂಕಲನವನ್ನು ಸಿದ್ಧಪಡಿಸಿದ. ಕಡಲು, ಬೆಟ್ಟ, ನಗರ, ಋತು ಮೊದಲಾದ ಕಾವ್ಯವರ್ಣನೆಗಳ ಕ್ರಮದಲ್ಲಿ ಹಿಂದಿನ ಕವಿಗಳ ಆಯ್ದ ಪದ್ಯಗಳನ್ನು ಅದರಲ್ಲಿ ಜೋಡಿಸಿದ. ಅವನ ಮಗ ಕೇಶಿರಾಜ. ಯಶೋಧರ ಚರಿತೆಯನ್ನು ಬರೆದ ಜನ್ನ ಕೇಶಿರಾಜನ ಸೋದರಮಾವ. ಕವಿ ಸುಮನೋಬಾಣ ತಾಯಿಯ ತಂದೆ. ಮನೆಯೇ ಒಂದು ಗ್ರಂಥಭಂಡಾರವಾಗಿದ್ದ ಇಂಥ ವಾತಾವರಣದಲ್ಲಿ ಬೆಳೆದ ಕೇಶಿರಾಜ ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ. ಹಳಗನ್ನಡ ವ್ಯಾಕರಣಕ್ಕೆ ಇಂದಿಗೂ ಅದೇ ಆಧಾರ.

ಕೇಶಿರಾಜನ ವಿಧಾನವನ್ನು ಗಮನಿಸಬೇಕು. ಮೊದಲು ಕಂದಪದ್ಯದಲ್ಲಿ ಸೂತ್ರ. ಅನಂತರ ಗದ್ಯದಲ್ಲಿ ಅದರ ವೃತ್ತಿ. ಆಮೇಲೆ ಪ್ರಯೋಗ, ಅಂದರೆ ಕವಿಗಳ ಬರೆಹದಿಂದ ಎತ್ತಿಕೊಟ್ಟ ಉದಾಹರಣೆ. ನಿಯಮ ಲಕ್ಷಣವಾದರೆ, ಕವಿಯ ಮಾತು ಲಕ್ಷ್ಯ. ಲಕ್ಷ್ಯವಿಲ್ಲದ ಲಕ್ಷಣಕ್ಕೆ ಬೆಲೆಯಿಲ್ಲ. ಆದ್ದರಿಂದಲೇ ಅವನು ಗ್ರಂಥದ ಆರಂಭದಲ್ಲಿ ತನಗೆ ಲಕ್ಷ್ಯವಾದ ಕವಿಗಳ ಪಟ್ಟಿಯನ್ನೇ ಕೊಡುತ್ತಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ. ಇಂದಿನ ಸಂಶೋಧನ ಪ್ರಬಂಧಗಳ ಕೊನೆಗೆ ಬರುವ ಆಕರಸೂಚಿ ಇಲ್ಲಿ ಗ್ರಂಥದ ಮೊದಲಿಗೇ ಬಂದಿದೆ.

ಆದರೆ ಒಂದು ಕೊರತೆಯಿದೆ. ಪಟ್ಟಿಯಲ್ಲಿ ಹೆಸರುಗಳಿದ್ದರೂ, ಒಂದೊಂದು ಉದಾಹರಣೆಯ ಪಕ್ಕದಲ್ಲಿ ಅದು ಯಾರದೆಂದು ಅವನು ಸಾಮಾನ್ಯವಾಗಿ ಹೇಳುವುದಿಲ್ಲ. ತಂದೆಯ ಸಂಕಲನದಲ್ಲೂ ಹಾಗೆಯೇ; ಪದ್ಯಗಳಿವೆ, ಕವಿಗಳ ಹೆಸರಿಲ್ಲ. ಇದನ್ನು ಕೃತಿಚೌರ್ಯವೆಂದು ತಿಳಿಯಬಾರದು. ಅಂದಿನ ಓದುಗರಿಗೆ ಪಂಪ ಪೊನ್ನರು ಕಂಠಪಾಠವಾಗಿದ್ದರು. ಪದ್ಯದ ಮೊದಲ ಪಾದ ಕೇಳಿದೊಡನೆ ಕವಿಯನ್ನು ಗುರುತಿಸಬಲ್ಲ ಸಭೆ ಅದು. ‘ಎಲ್ಲರಿಗೂ ಗೊತ್ತಿದೆಯಲ್ಲ’ ಎಂಬ ನಂಬಿಕೆಯಿಂದ ಹೆಸರನ್ನು ಬಿಟ್ಟರು. ಆ ‘ಎಲ್ಲರೂ’ ಕಾಲವಾದರು. ಕಾವ್ಯಗಳ ಪ್ರತಿಗಳು ಅಳಿದವು. ಮೂಲಕೃತಿ ಉಳಿದಿರುವ ಕಡೆ ವಿದ್ವಾಂಸರು ಪದ್ಯವನ್ನು ಹೋಲಿಸಿ ನೋಡಿ ಕವಿಯನ್ನು ಗುರುತಿಸಿದರು. ಮೂಲವೇ ಅಳಿದ ಕಡೆ ಪದ್ಯ ಅನಾಥವಾಯಿತು. ಚೆಲುವಾದ ಪದ್ಯ ಕಣ್ಣ ಮುಂದಿದೆ, ಹೆತ್ತವರು ಯಾರೆಂದು ತಿಳಿಯದು.

ಹೆಸರು ಉಳಿದಾಗ ಏನಾಗುತ್ತದೆಂಬುದಕ್ಕೆ ಒಂದನೆಯ ಗುಣವರ್ಮನೇ ನಿದರ್ಶನ. ಸುಮಾರು 900ರಲ್ಲಿದ್ದ ಈ ಕವಿಯ ‘ಶೂದ್ರಕ’, ‘ಹರಿವಂಶ’ ಎಂಬ ಎರಡೂ ಕಾವ್ಯಗಳು ದೊರೆತಿಲ್ಲ. ಆದರೂ ಸಾಹಿತ್ಯ ಚರಿತ್ರೆಯಲ್ಲಿ ಅವನಿಗೆ ಸ್ಥಾನವಿದೆ. ‘ಶೂದ್ರಕ’ದ ಕೆಲವು ಪದ್ಯಗಳು ಹದಿನಾರನೆಯ ಶತಮಾನದ ‘ಕಾವ್ಯಸಾರ’ವೆಂಬ ಸಂಕಲನದಲ್ಲಿ ಉಳಿದುಕೊಂಡಿವೆ. ಕೇಶಿರಾಜನ ಸ್ವಂತ ಅದೃಷ್ಟವೂ ಇಂಥದೇ. ವ್ಯಾಕರಣದ ಹೊರತು ಅವನು ರಚಿಸಿದ ‘ಚೋಳಪಾಲಕ ಚರಿತ’, ‘ಸುಭದ್ರಾಹರಣ’, ‘ಪ್ರಬೋಧಚಂದ್ರ’, ‘ಕಿರಾತ’ ಎಂಬ ಕೃತಿಗಳಲ್ಲಿ ಒಂದೂ ಸಿಕ್ಕಿಲ್ಲ. ತಾನೇ ಅವುಗಳ ಹೆಸರು ಹೇಳಿಕೊಂಡಿದ್ದರಿಂದ ಅವು ಇದ್ದವೆಂಬುದಾದರೂ ನಮಗೆ ಗೊತ್ತು. ಹತ್ತಾರು ಕವಿಗಳ ಸಾಲುಗಳನ್ನು ಕಾಪಾಡಿದವನ ಕಾವ್ಯಗಳನ್ನು ಕಾಪಾಡುವವರು ಇರಲಿಲ್ಲ.

ಅಂಕಿತವೆಂಬ ಸಹಿ

ಬಾಯಿಂದ ಬಾಯಿಗೆ ಹರಿಯುವ ಸಾಹಿತ್ಯದಲ್ಲಿ ಹೆಸರು ಕಳೆದುಹೋಗದಿರಲು ಏನು ಮಾಡಬೇಕು? ವಚನಕಾರರು ಕಂಡುಕೊಂಡ ಉಪಾಯ ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ದೇವರ ಹೆಸರೂ ಅದೇ, ಆಡಿದವರ ಸಹಿಯೂ ಅದೇ. ಮುಂದೆ ಹರಿದಾಸರೂ ಇದೇ ದಾರಿಯನ್ನು ಹಿಡಿದರು. ನಮ್ಮ ಮಕ್ಕಳು ವೇದಿಕೆಯ ಮೇಲೆ ಪುರಂದರವಿಠಲನನ್ನು ನೆನೆದು ಹಾಡು ಮುಗಿಸಿದಾಗ ಅವರು ಅರಿಯದೆಯೇ ಆಕರವನ್ನು ಸೂಚಿಸಿರುತ್ತಾರೆ. ಅಡಿಟಿಪ್ಪಣಿಯನ್ನು ಮಾತಿನಿಂದ ಬೇರ್ಪಡಿಸಲಾಗದಂತೆ ಮಾತಿನೊಳಗೇ ನೇಯ್ದ ಜಾಣ್ಮೆ ಇದು.

ಈ ವಚನಗಳನ್ನೇ ದಾರದಲ್ಲಿ ಪೋಣಿಸಿ ಕಟ್ಟಿದ ಮಹಾಗ್ರಂಥ ‘ಶೂನ್ಯಸಂಪಾದನೆ’. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಇದನ್ನು ಸಂಯೋಜಿಸಿದ. ಅವನ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ತಮ್ಮ ತಮ್ಮ ಪರಿಷ್ಕರಣಗಳನ್ನು ಸಿದ್ಧಪಡಿಸಿದರು. ಅಲ್ಲಮ, ಬಸವಣ್ಣ, ಅಕ್ಕ, ಸಿದ್ಧರಾಮ ಮೊದಲಾದವರ ವಚನಗಳೇ ಇಲ್ಲಿ ಪ್ರಶ್ನೋತ್ತರಗಳಾಗುತ್ತವೆ. ಸಂಪಾದಕನ ಪಾಲು ನಡುನಡುವೆ ಬರುವ ಸೇತುವೆಯಂಥ ಗದ್ಯ. ಉಲ್ಲೇಖಗಳನ್ನು ಬರೆಹದೊಳಗೆ ಬೆಸೆಯುವ ಕಲೆಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಮಾದರಿಯನ್ನು ನಾನು ಕಾಣೆ.

ಅದೇ ಗ್ರಂಥ ಎಚ್ಚರಿಕೆಯನ್ನೂ ಕಲಿಸುತ್ತದೆ. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಪರೀಕ್ಷಿಸುವ ಪ್ರಸಂಗ ನಮಗೆಲ್ಲ ಚಿರಪರಿಚಿತ. ಅಲ್ಲಿ ಅವಳ ಉತ್ತರಗಳಾಗಿ ಬರುವ ವಚನಗಳು ಅವಳವೇ ಆದರೂ, ಆ ಪ್ರಶ್ನೆಗೆ ಆ ಉತ್ತರವೆಂದು ಜೋಡಿಸಿದವನು ಮೂರು ಶತಮಾನಗಳ ಬಳಿಕ ಬಂದ ಸಂಪಾದಕ. ಜೋಡಣೆ ಬದಲಾದರೆ ಅರ್ಥವೂ ಬದಲಾಗುತ್ತದೆ. ಸಿದ್ಧರಾಮನಿಗೆ ಲಿಂಗದೀಕ್ಷೆಯಾದ ಪ್ರಸಂಗ ಬೇಕೇ ಬೇಡವೇ ಎಂಬಂಥ ವಿಷಯದಲ್ಲಿ ಈ ಪರಿಷ್ಕರಣಗಳು ಒಂದರಿಂದೊಂದು ಭಿನ್ನವಾಗುತ್ತವೆ. ಮಾತನ್ನು ಸರಿಯಾಗಿ ಎತ್ತಿಕೊಟ್ಟರೆ ಸಾಲದು. ಅದನ್ನು ಯಾವ ಸಂದರ್ಭದಿಂದ ಎತ್ತಿ ಯಾವ ಸಂದರ್ಭದಲ್ಲಿ ಇಟ್ಟೆವೆಂಬ ಹೊಣೆಯೂ ನಮ್ಮದು.

ಅಂಕಿತಕ್ಕೂ ಒಂದು ದೌರ್ಬಲ್ಯವಿದೆ: ಸಹಿಯನ್ನು ಯಾರು ಬೇಕಾದರೂ ಹಾಕಬಹುದು. ಸರ್ವಜ್ಞನ ತ್ರಿಪದಿಗಳಿಗೆ ಆದದ್ದು ಅದೇ. ಮೂರು ಸಾಲಿನ ನೀತಿಯ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಿದರೆ ಅದು ಸರ್ವಜ್ಞನದೇ ಆಗಿಬಿಡುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ವರ್ಷಗಟ್ಟಲೆ ಶ್ರಮಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಅವನದೇ ಎಷ್ಟೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನನ್ನ ದೂರವಾಣಿಗೆ ಬಂದ ‘ಅಕ್ಕನ ವಚನ’ ಈ ಹಳೆಯ ರೋಗದ ಹೊಸ ರೂಪ.

ಟ್ಯೂಬಿಂಗನ್ನಿಗೂ ಮಂಗಳೂರಿಗೂ ನಡುವೆ

ಈಗ ನಾವಿರುವ ದೇಶಕ್ಕೆ ಬರೋಣ. 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಭಾರತಕ್ಕೆ ಬಂದರು. ಧರ್ಮಪ್ರಚಾರಕ್ಕೆ ಬಂದವರು ಕನ್ನಡದ ಸೇವಕರಾದ ಕಥೆಯನ್ನು ನಾವು ಸಂಘದ ಸಮಾರಂಭಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಅವರ ನಿಘಂಟಿನ ಗಾತ್ರವನ್ನು ಹೊಗಳುವ ನಾವು ಅದರ ವಿಧಾನವನ್ನು ಗಮನಿಸುವುದು ಕಡಮೆ. ಕಿಟ್ಟೆಲ್ ಮೊದಲು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಅವರ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1752 ಪುಟಗಳ ಆ ಗ್ರಂಥದಲ್ಲಿ ಅರ್ಥದ ಪಕ್ಕದಲ್ಲಿ ಸಂಕ್ಷೇಪಾಕ್ಷರಗಳು ಕಾಣುತ್ತವೆ. ಈ ಪದ ಕೇಶಿರಾಜನ ವ್ಯಾಕರಣದಲ್ಲಿದೆ, ಇದು ಬಸವಪುರಾಣದಲ್ಲಿದೆ, ಇದು ಜೈಮಿನಿ ಭಾರತದಲ್ಲಿದೆ, ಇದು ಜನರ ಗಾದೆಯಲ್ಲಿದೆ ಎಂಬ ಸೂಚನೆಗಳವು. ಕೇಶಿರಾಜನು ಬಿಟ್ಟಿದ್ದ ಕೊರತೆಯನ್ನು ಅವನ ಸಂಪಾದಕ ತನ್ನ ಗ್ರಂಥದಲ್ಲಿ ತುಂಬಿಕೊಟ್ಟ. ಇದಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ.

ಕಿಟ್ಟೆಲರ ಬೆನ್ನಿಗೆ ನಮ್ಮವರ ಸರದಿ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಕಾಲವನ್ನೇ ಹೇಳಿಕೊಳ್ಳದ ಕವಿಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಲು ಉಲ್ಲೇಖಗಳೇ ಅವರಿಗೆ ದಾರಿದೀಪ. ಒಬ್ಬ ಕವಿ ಇನ್ನೊಬ್ಬನನ್ನು ಸ್ಮರಿಸಿದ್ದರೆ ಸ್ಮರಿಸಲ್ಪಟ್ಟವನು ಹಿಂದಿನವನು. ಒಬ್ಬನ ಪದ್ಯ ‘ಸೂಕ್ತಿಸುಧಾರ್ಣವ’ದಲ್ಲಿದ್ದರೆ ಅವನು 1245ಕ್ಕೆ ಈಚಿನವನಾಗಲಾರ. ಹೀಗೆ ಒಂದೊಂದು ಉಲ್ಲೇಖವೂ ಒಂದೊಂದು ಮೈಲಿಗಲ್ಲಾಯಿತು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳಲ್ಲಿ ಹೊರತಂದು 1995ರಲ್ಲಿ ಪೂರ್ಣಗೊಳಿಸಿದ ಕನ್ನಡ ನಿಘಂಟು, ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಆಕರಸಹಿತವಾಗಿ ಕೊಡುವ ಕ್ರಮವನ್ನು ಇನ್ನಷ್ಟು ವಿಸ್ತರಿಸಿತು.

ನಮ್ಮ ಮಕ್ಕಳ ಮೇಜಿನ ಮೇಲೆ

ಜರ್ಮನಿಯಲ್ಲಿ ಈ ವಿಷಯವನ್ನು ಎಷ್ಟು ಗಂಭೀರವಾಗಿ ಪರಿಗಣಿಸುತ್ತಾರೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2011ರಲ್ಲಿ ರಕ್ಷಣಾ ಸಚಿವರಾಗಿದ್ದ ಗುಟೆನ್‌ಬರ್ಗ್ ಅವರು ಡಾಕ್ಟರೇಟ್ ಪ್ರಬಂಧದಲ್ಲಿ ಇತರರ ಬರೆಹವನ್ನು ಸೂಚಿಸದೆ ಬಳಸಿದ್ದರೆಂಬ ಕಾರಣಕ್ಕೆ ಪದವಿಯನ್ನೂ ಸಚಿವಸ್ಥಾನವನ್ನೂ ಕಳೆದುಕೊಂಡರು. ಮಕ್ಕಳು ಇದನ್ನು ಭಯದಿಂದ ಕಲಿಯುವುದಕ್ಕಿಂತ ಅಭಿಮಾನದಿಂದ ಕಲಿಯಲಿ ಎಂಬುದು ನನ್ನ ಆಸೆ. ಕನ್ನಡದ ಸಾಲನ್ನು ಪ್ರಬಂಧದಲ್ಲಿ ಬಳಸುವಾಗ ನಾವು ಪೋಷಕರು ನೆನಪಿಸಬೇಕಾದ ಸಂಗತಿಗಳು ಕೆಲವೇ.

ಮಾತು ಯಾರದು, ಯಾವ ಸಂದರ್ಭದ್ದು ಎಂಬುದನ್ನು ಮೊದಲು ಹೇಳಿ ಆಮೇಲೆ ಮಾತನ್ನು ಇಡಬೇಕು. ಇಟ್ಟ ಮೇಲೆ ಅದು ತಮ್ಮ ವಾದಕ್ಕೆ ಏಕೆ ಬೇಕಾಯಿತೆಂದು ವಿವರಿಸಬೇಕು. ಉಲ್ಲೇಖ ವಾದಕ್ಕೆ ಆಧಾರ, ಅಲಂಕಾರವಲ್ಲ. ಅನುವಾದ ತಾವೇ ಮಾಡಿದ್ದಾದರೆ ಹಾಗೆಂದು ಬರೆಯಬೇಕು. ಮೂಲವನ್ನು ನೋಡದೆ ಇನ್ನೊಬ್ಬರ ಲೇಖನದಿಂದ ಎತ್ತಿಕೊಂಡಿದ್ದರೆ ಆ ಲೇಖನವನ್ನೇ ಹೆಸರಿಸಬೇಕು. ವಚನದ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಯಾವ ಆವೃತ್ತಿಯೆಂದು ತಿಳಿಸಬೇಕು. ಕರ್ನಾಟಕ ಸರ್ಕಾರ ಹೊರತಂದಿರುವ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯ ಇದಕ್ಕೆ ಒಳ್ಳೆಯ ಆಧಾರ. ದೂರದೇಶದಲ್ಲಿರುವ ನಮಗೆ ‘ವಚನ ಸಂಚಯ’ ಜಾಲತಾಣದಲ್ಲಿ ಪದವನ್ನು ಹಾಕಿ ಹುಡುಕುವ ಅನುಕೂಲವೂ ಇದೆ.

ಮಗಳು ಆ ಸಾಲುಗಳನ್ನು ಕೈಬಿಟ್ಟು, ಸಂಪುಟದಲ್ಲಿ ತಾನೇ ಹುಡುಕಿದ ಬೇರೊಂದು ವಚನವನ್ನು ಆರಿಸಿಕೊಂಡಳು. ಸಂಪುಟದ ಹೆಸರು, ವಚನದ ಸಂಖ್ಯೆ, ‘ಅನುವಾದ ನನ್ನದು’ ಎಂಬ ಮಾತು ಎಲ್ಲವನ್ನೂ ಬರೆದಳು. ಎಂಟು ಶತಮಾನಗಳಿಗೂ ಹಿಂದಿನ ಹೆಣ್ಣೊಬ್ಬಳ ಮಾತು ಅವಳದೇ ಹೆಸರಿನಲ್ಲಿ ಜರ್ಮನ್ ತರಗತಿಯೊಂದಕ್ಕೆ ತಲುಪಿತು.

ಇನ್ನು ನನ್ನ ತಪ್ಪಿನ ಮಾತು. ಆ ರಾಜ್ಯೋತ್ಸವದ ಕರಪತ್ರದಲ್ಲಿ ಅಕ್ಕಮಹಾದೇವಿಯದೆಂದು ಅಚ್ಚಾಗಿದ್ದ ಸಾಲುಗಳು ಸಮಗ್ರ ವಚನ ಸಂಪುಟದಲ್ಲಿ ದೊರೆತಿಲ್ಲ. ದಯವಿಟ್ಟು ಅವನ್ನು ಅಕ್ಕನ ಹೆಸರಿನಲ್ಲಿ ಮುಂದೆ ಹಂಚಬೇಡಿ. ಆ ಸಾಲುಗಳನ್ನು ನಿಜವಾಗಿ ಬರೆದವರು ಎಲ್ಲೋ ಒಬ್ಬರಿದ್ದಾರೆ. ಅವರ ಹೆಸರನ್ನು ಅಳಿಸುವುದರಲ್ಲಿ ನನ್ನದೂ ಒಂದು ಕೈಯಿತ್ತು. ಮುಂದಿನ ರಾಜ್ಯೋತ್ಸವದ ಕರಪತ್ರಕ್ಕೆ ನಿಮ್ಮ ಮೆಚ್ಚಿನ ಸಾಲುಗಳನ್ನು ಕಳುಹಿಸುವಾಗ ಒಂದು ವಿನಂತಿ: ಯಾರು ಬರೆದದ್ದು, ಯಾವ ಪುಸ್ತಕದ್ದು ಎಂಬುದನ್ನೂ ಜೊತೆಗೆ ಬರೆದು ಕಳುಹಿಸಿ. ತಿಳಿಯದಿದ್ದರೆ ತಿಳಿಯದೆಂದೇ ಬರೆಯಿರಿ. ಕೂಡಿ ಹುಡುಕೋಣ.